ಟ್ಯಾಕ್ಸಿವೇ ಡಿಕ್ಕಿಯ ರಿಪೇರಿ ವೆಚ್ಚವನ್ನು ವಿದ್ಯಾರ್ಥಿಯ ಮೇಲೆ ಹೊರಿಸಿರುವ ಬಗ್ಗೆ ದೂರು

ಗೆ,
ಮುಖ್ಯಸ್ಥರು,
ವಿಮಾನ ಚಾಲನಾ ತರಬೇತಿ ಸಂಸ್ಥೆ

ಮಾನ್ಯರೆ,

ಕಳೆದ ತಿಂಗಳು ಬೆಳಗಿನ ಮೊದಲ ಹಾರಾಟಕ್ಕೆಂದು ಬೋಧಕರೊಂದಿಗೆ ಸೆಸ್ನಾ 172 ವಿಮಾನವನ್ನು ಟ್ಯಾಕ್ಸಿ ಮಾಡಿಕೊಂಡು (ನೆಲದ ಮೇಲೆ ಓಡಿಸಿಕೊಂಡು) ರನ್‌ವೇಯತ್ತ ಹೋಗುತ್ತಿದ್ದಾಗ, ಅದರ ಬಲರೆಕ್ಕೆಯ ತುದಿ ನಿಂತಿದ್ದ ಸೆಸ್ನಾ 152 ವಿಮಾನದ ಬಾಲದಲ್ಲಿರುವ ರಡ್ಡರಿನ ಮೇಲ್ಭಾಗಕ್ಕೆ ತಗುಲಿತು. ಇದಕ್ಕಾಗಿ ನಾನು 1,40,000 ರೂಪಾಯಿ ಕಟ್ಟಬೇಕು, ಕಟ್ಟುವವರೆಗೆ ಹಾರಾಟದ ಪಟ್ಟಿಯಲ್ಲಿ ಹೆಸರು ಹಾಕುವುದಿಲ್ಲ ಎಂದು ತಮ್ಮ ಕಚೇರಿಯಿಂದ ಪತ್ರ ಬಂದಿದೆ. ಅದರಲ್ಲಿ ‘ವಿದ್ಯಾರ್ಥಿಯ ಅಜಾಗರೂಕತೆ’ ಎಂಬ ಎರಡು ಪದಗಳನ್ನು ಬಿಟ್ಟರೆ ಡಿಕ್ಕಿಯ ಕಾರಣದ ಬಗ್ಗೆ ಬೇರೇನೂ ಇಲ್ಲದಿರುವುದರಿಂದ, ಅಂದು ನಡೆದದ್ದನ್ನು ಬರೆದು ತಿಳಿಸುತ್ತಿದ್ದೇನೆ.

ನಾವು ನಡಿಗೆಯ ವೇಗದಲ್ಲೇ ಇದ್ದೆವು. ದಾರಿ ತೋರಿಸುವ ಹಳದಿ ಗೆರೆ ಕಾಣುವಷ್ಟು ದೂರವೂ ಮುಂದಿನ ಚಕ್ರ ಅದರ ಮೇಲೆಯೇ ಇತ್ತು. ಹ್ಯಾಂಗರಿನ ಎದುರಿನ ತಿರುವಿನಿಂದಾಚೆ ಆ ಗೆರೆ ಅಳಿಸಿಹೋಗಿದ್ದು, ಮಳೆಗಾಲ ಮುಗಿದ ಮೇಲೆ ಅದಕ್ಕೆ ಮತ್ತೆ ಬಣ್ಣ ಹಚ್ಚಿಲ್ಲ. ಸರಿಯಾಗಿ ಅಲ್ಲಿಯೇ, ಹಿಂದಿನ ಸಂಜೆ ತಳ್ಳಿ ನಿಲ್ಲಿಸಿದ್ದ 152ರ ಬಾಲ ಪಾರ್ಕಿಂಗ್ ಗೆರೆಯಿಂದ ಹೊರಕ್ಕೆ ಚಾಚಿತ್ತು. 172ರ ರೆಕ್ಕೆಗಳು ತುದಿಯಿಂದ ತುದಿಗೆ ಸುಮಾರು 11 ಮೀಟರ್; ಎಡ ಸೀಟಿನಲ್ಲಿ ಕೂತವನಿಗೆ ಐದೂವರೆ ಮೀಟರಿಗೂ ಆಚೆ ಇರುವ ಬಲತುದಿಗೆ ಅರ್ಧ ಅಡಿ ಜಾಗ ಉಳಿದಿದೆಯೇ ಎಂದು ಕಣ್ಣಳತೆಯಲ್ಲಿ ಹೇಳುವುದು ಅನುಭವಿಗಳಿಗೂ ಕಷ್ಟ. ಇಂಥ ಇಕ್ಕಟ್ಟಿನಲ್ಲಿ ರೆಕ್ಕೆಯ ಪಕ್ಕದಲ್ಲಿ ಒಬ್ಬರು ನಡೆದುಬರಬೇಕೆಂದು ತಮ್ಮದೇ ಕೈಪಿಡಿ ಹೇಳುತ್ತದೆ. ಅಂದು ಯಾರೂ ಇರಲಿಲ್ಲ. 152ರ ಬಾಲಕ್ಕೆ ಕಟ್ಟಿದ್ದ ಹಗ್ಗ ಬಿಚ್ಚುತ್ತಿದ್ದ ಸಹಾಯಕರು ಎದ್ದು ನಿಂತು ಎರಡೂ ಕೈ ಬೀಸಿ ಕೂಗಿದರಂತೆ. ಎಂಜಿನ್ ಸದ್ದಿನಲ್ಲಿ ಕೂಗು ಕೇಳಿಸಲಿಲ್ಲ, ನನ್ನ ಕಣ್ಣು ಬೋಧಕರು ಓದಿಸುತ್ತಿದ್ದ ಚೆಕ್‌ಲಿಸ್ಟಿನ ಮೇಲಿತ್ತು. ಗೆರೆ ಮುಗಿದಲ್ಲೇ ಬ್ರೇಕ್ ಒತ್ತಿ ನಿಲ್ಲಿಸಬೇಕಿತ್ತು ಎಂಬುದನ್ನು ನಾನು ಒಪ್ಪುತ್ತೇನೆ, ನನ್ನ ಹೇಳಿಕೆಯಲ್ಲೂ ಹಾಗೆಯೇ ಬರೆದುಕೊಟ್ಟಿದ್ದೇನೆ.

ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಆಮೇಲೆ ನಡೆದದ್ದು. 172ರ ಬಲರೆಕ್ಕೆಯ ತುದಿಯ ಹಸಿರು ದೀಪದ ಗಾಜು ಚೂರಾಗಿ ನೆಲದ ಮೇಲೆ ಬಿದ್ದಿತ್ತು. ರಡ್ಡರಿನ ಮೇಲ್ತುದಿ ಮಡಚಿಕೊಂಡು, ಕೈಯಿಂದ ಅಲ್ಲಾಡಿಸಿದರೆ ಒಂದು ಕಡೆ ಉಜ್ಜುತ್ತಿತ್ತು. ಹಾಗಿದ್ದರೂ ಮರುದಿನದ ಪಟ್ಟಿಯಲ್ಲಿ ಅದೇ 152 ಇತ್ತು, ಲಾಗ್‌ಬುಕ್ಕಿನಲ್ಲಿ ಡಿಕ್ಕಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನು ಹೋಗಿ ಹೇಳಿದ ಮೇಲಷ್ಟೇ ಅದನ್ನು ಹ್ಯಾಂಗರಿಗೆ ಒಯ್ದರು. ರೆಕ್ಕೆಯ ತುದಿಗಷ್ಟೇ ಆದ ಹಾನಿ ‘ಅಪಘಾತ’ದ ವ್ಯಾಖ್ಯೆಯೊಳಗೆ ಬರುವುದಿಲ್ಲ ಎಂದು ತಮ್ಮ ಸುರಕ್ಷತಾ ಅಧಿಕಾರಿಗಳು ಹೇಳಿದರು. ರೆಕ್ಕೆಯ ತುದಿಯ ಮಟ್ಟಿಗೆ ಅವರ ಮಾತು ಸರಿ. ಆದರೆ ರಡ್ಡರ್ ರೆಕ್ಕೆಯ ತುದಿಯಲ್ಲ, ಹಾರುವಾಗ ವಿಮಾನದ ಮೂಗನ್ನು ಎಡಬಲಕ್ಕೆ ತಿರುಗಿಸುವ ಅಂಗ. ಅದು ಸಿಕ್ಕಿಕೊಂಡ ವಿಮಾನದಲ್ಲಿ ಒಂಟಿಯಾಗಿ ಮೇಲೇರಬೇಕಾಗಿದ್ದವನು ನನ್ನ ಸಹಪಾಠಿ.

ಆದ್ದರಿಂದ ಆ ಬಿಲ್ಲನ್ನು ರದ್ದುಪಡಿಸಿ, ನನ್ನ ಹಾರಾಟಗಳನ್ನು ಕೂಡಲೇ ಮುಂದುವರಿಸಬೇಕು. ಘಟನೆಯನ್ನು ಬೋಧಕರ ಮತ್ತು ಸಹಾಯಕರ ಹೇಳಿಕೆಗಳೊಂದಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ (ಡಿಜಿಸಿಎ) ವರದಿ ಮಾಡಬೇಕು. ಹಳದಿ ಗೆರೆಗೆ ಬಣ್ಣ ಹಚ್ಚಿಸುವುದು ಎರಡು ದಿನಗಳ ಕೆಲಸ. ಅದು ಆಗುವವರೆಗೆ ಹ್ಯಾಂಗರಿನ ಎದುರು ಯಾವ ವಿಮಾನವನ್ನೂ ಎಂಜಿನ್ ಚಾಲೂ ಮಾಡಿ ಒಯ್ಯದೆ, ಕೈಯಿಂದಲೇ ತಳ್ಳಿಸಬೇಕೆಂದು ಕೋರುತ್ತೇನೆ. ಏಳು ದಿನಗಳೊಳಗೆ ಲಿಖಿತ ಉತ್ತರ ಬರದಿದ್ದಲ್ಲಿ, ಅಂದು ತೆಗೆದ ಫೋಟೊಗಳೊಂದಿಗೆ ಈ ಪತ್ರದ ಪ್ರತಿಯನ್ನು ಡಿಜಿಸಿಎಗೆ ನಾನೇ ಕಳುಹಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತಮ್ಮ ಸಂಸ್ಥೆಯ ವಿದ್ಯಾರ್ಥಿ