ಸೀಬೆ ತೋಟದವರ ಗಮನಕ್ಕೆ: ಹಣ್ಣು ನೊಣ, ಹಿಟ್ಟು ತಿಗಣೆ

ಎಲ್ಲರಿಗೂ ನಮಸ್ಕಾರ. ಕಾಯಿ ಬಲಿಯುವ ಹೊತ್ತಿಗೆ ಕಟುವಾದ ಔಷಧಿ ಹೊಡೆದರೆ ಅದರ ಅಂಶ ತಿನ್ನುವವರ ಹೊಟ್ಟೆ ಸೇರುತ್ತದೆ. ಹಣ್ಣಿನೊಳಗೆ ಹೊಕ್ಕ ಹಣ್ಣು ನೊಣದ ಹುಳಕ್ಕೆ ಔಷಧಿ ತಾಗುವುದೂ ಕಷ್ಟ. ಅದರ ಬದಲು ಹೀಗೆ ಮಾಡಿ.

ಹಣ್ಣು ನೊಣಕ್ಕೆ ಮೀಥೈಲ್ ಯೂಜಿನಾಲ್ (ವಾಸನೆಯಿಂದ ನೊಣ ಸೆಳೆಯುವ ವಸ್ತು) ಇಟ್ಟ ಮೋಹಕ ಬಲೆ ಎಕರೆಗೆ 6–8 ಕಟ್ಟಿ, ಎದೆಯೆತ್ತರದ ಕೊಂಬೆಗೆ, ನೆರಳಲ್ಲಿ. ಕಾಯಿ ಬಣ್ಣ ತಿರುಗಿದ ಮೇಲೆ ಕಟ್ಟಿದರೆ ಪ್ರಯೋಜನ ಕಡಿಮೆ. ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಹೆಣ್ಣು ಗಂಡಿನೊಡನೆ ಕೂಡದೆ ಉಳಿಯಬೇಕಾದರೆ ಕೊಯ್ಲಿಗೆ ಒಂದೂವರೆ ತಿಂಗಳು ಮೊದಲೇ ಬಲೆ ಇರಬೇಕು. ಅಕ್ಕಪಕ್ಕದವರಿಗೂ ಹೇಳಿ ಕಟ್ಟಿಸಿ. ಅವರ ತೋಟದಲ್ಲಿ ಕೂಡಿದ ಹೆಣ್ಣು ನೊಣ ನಿಮ್ಮ ಕಾಯಿಗೇ ಬಂದು ಮೊಟ್ಟೆ ಇಡುತ್ತದೆ.

ಬಿದ್ದ ಹಣ್ಣನ್ನು ದಿನವೂ ಆರಿಸಿ. ಬಲೆಗಿಂತ ಇದೇ ದೊಡ್ಡ ಕೆಲಸ, ಹೆಚ್ಚಿನವರು ಬಿಡುವುದೂ ಇದನ್ನೇ. ತಿಪ್ಪೆಗೆ ಎಸೆದರೆ ಹುಳ ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗುತ್ತದೆ. 2 ಅಡಿ ಆಳದಲ್ಲಿ ಹೂಳಿ, ಇಲ್ಲವೇ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಒಂದು ವಾರ ಬಿಸಿಲಿಗಿಡಿ.

ಹಿಟ್ಟು ತಿಗಣೆಗೆ (ಮೈಮೇಲೆ ಬಿಳಿ ಹಿಟ್ಟಿನಂಥ ಮೇಣವಿರುವ, ರಸ ಹೀರುವ ಕೀಟ) ಬೇವಿನ ಸೋಪು ಲೀಟರಿಗೆ 10 ಗ್ರಾಂ, ಸಂಜೆ ಹೊತ್ತು, ಎಲೆಯ ತಳಭಾಗ ನೆನೆಯುವಂತೆ. ಬೋರ್‌ವೆಲ್ಲಿನ ಗಡಸು ನೀರಲ್ಲಿ ಸೋಪು ಒಡೆದು ನಾಜಲ್ ಕಟ್ಟಿಕೊಳ್ಳುತ್ತದೆ. ನಾಲೆ ನೀರೋ ಮಳೆನೀರೋ ಬಳಸಿ. ಮೊದಲು ಒಂದೆರಡು ಗಿಡಕ್ಕೆ ಹೊಡೆದು ಎರಡು ದಿನ ನೋಡಿ. ಎಳೆ ಚಿಗುರು ಸುಟ್ಟರೆ ಪ್ರಮಾಣ ಇಳಿಸಿ.

ಒಂದು ಎಚ್ಚರಿಕೆ: ತಿಗಣೆ ಗುಂಪಿನ ನಡುವೆ ಉದ್ದನೆಯ ಬಿಳಿ ಮೇಣದೆಳೆಯ, ಚುರುಕಾಗಿ ಓಡಾಡುವ ದೊಡ್ಡ ಹುಳ ಕಂಡರೆ ಅದು ಕ್ರಿಪ್ಟೋಲೀಮಸ್ ದುಂಬಿಯ ಮರಿ. ತಿಗಣೆಯನ್ನೇ ತಿಂದು ಬದುಕುತ್ತದೆ. ಆ ಗಿಡಕ್ಕೆ ಏನೂ ಹೊಡೆಯಬೇಡಿ.