ಕಕಾವೊ ಮಾರಾಯನಿಗೆ, ಉಡುಪಿಯಿಂದ

ಮಾರಾಯ,

ಸಿಯೋಲಿಗೆ ಹೋಗಿ ಎರಡು ವರ್ಷವಾದರೂ ನಿನ್ನ ಗೋಳು ಮುಗಿಯಲಿಲ್ಲ. "ಇಲ್ಲಿ ವಾಟ್ಸಾಪ್ ಉಂಟು ಅಂದ್ರೆ ರದ್ದಾದ ಐನೂರರ ನೋಟು ಕೊಟ್ಟ ಹಾಗೆ ನೋಡ್ತಾರೆ. ಎಲ್ಲದಕ್ಕೂ ಇಲ್ಲಿಯದೇ ಮೆಸೇಜ್ ಆ್ಯಪ್, ಕಕಾವೊಟಾಕ್. ಎಂತಕ್ಕೆ ಹೀಗೆ?" ಎಂದು ಕೇಳಿದ್ದೆ. ಉತ್ತರ ನಾಲ್ಕು ಜನರೆದುರು ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಕೆಳಗೇ ಬೈ, ಓದುವವರಿಗೂ ಮಜಾ ಸಿಗಲಿ.

ಮಣಿಪಾಲದ ನಮ್ಮ ರೂಮು ನೆನಪು ಮಾಡು. ದೀಪಾವಳಿ, ಹೊಸ ವರ್ಷ ಬಂದರೆ ಎಸ್ಸೆಮ್ಮೆಸ್ ಪ್ಯಾಕ್ ನಡೆಯುತ್ತಿರಲಿಲ್ಲ, ಒಂದೊಂದು ಶುಭಾಶಯಕ್ಕೂ ದುಡ್ಡು. ನೀನು ಹಿಂದಿನ ದಿನವೇ ಎಲ್ಲರಿಗೂ ವಿಶ್ ಮಾಡಿ ಮುಗಿಸುತ್ತಿದ್ದೆ. (ಒಬ್ಬಳನ್ನು ಬಿಟ್ಟು. ಅವಳಿಗೆ ಫುಲ್ ರೇಟು.) 2011ರಲ್ಲಿ ಫೋನ್ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್ ಒಂದು ಸಿಮ್ಮಿಗೆ ದಿನಕ್ಕೆ 100 ಎಸ್ಸೆಮ್ಮೆಸ್ ಎಂದು ಮಿತಿ ಹಾಕಿತು, ಮತ್ತೆ 200 ಮಾಡಿತು. ಅದೇ ಹೊತ್ತಿಗೆ ವಾಟ್ಸಾಪ್ ನೋಕಿಯಾದ ಗುಂಡಿ ಒತ್ತುವ ಸೆಟ್ಟಿಗೂ ಬಂತು. ಅದು ಹುಟ್ಟಿದ ಅಮೆರಿಕದಲ್ಲಿ ಎಸ್ಸೆಮ್ಮೆಸ್ಸು ಪ್ಲಾನಿನೊಳಗೇ ಬರುತ್ತಿತ್ತು, ಅವರಿಗೆ ಅಷ್ಟು ತುರ್ತು ಇರಲಿಲ್ಲ. ನೀರಿಲ್ಲದವರೇ ಅಲ್ಲವಾ ಹೊಸ ಬಾವಿಗೆ ಓಡುವುದು?

ನಿನ್ನ ಕೊರಿಯಾಕ್ಕೆ ಐಫೋನು ಬಂದದ್ದೇ 2009ರ ಕೊನೆಗೆ. 2010ರ ಮಾರ್ಚಿನಲ್ಲಿ ಕಕಾವೊ ಹಾಜರ್, ಪುಕ್ಕಟೆ. ತಮಾಷೆ ಕೇಳು: ಕೊರಿಯಾದ್ದೇ ನೇವರ್ ಕಂಪನಿಯ ಜಪಾನ್ ಶಾಖೆ ಅಲ್ಲಿಯ 2011ರ ಭೂಕಂಪದ ನಂತರ ಲೈನ್ ಎಂಬ ಮೆಸೇಜ್ ಆ್ಯಪ್ ಮಾಡಿತು. ಅದು ಜಪಾನನ್ನು ಗೆದ್ದಿತು, ತವರಿನಲ್ಲಿ ಕಕಾವೊ ಎದುರು ಸೋತಿತು. ಪಂಕ್ತಿಯಲ್ಲಿ ಎಲೆ ಹಾಕಿ ಕೂತವರನ್ನು ಪಕ್ಕದ ಹಾಲಿಗೆ ಎಬ್ಬಿಸಿಕೊಂಡು ಹೋಗುವುದು ಯಾರಿಂದ ಆಗ್ತದೆ?

ನಮ್ಮಲ್ಲೂ ನೋಡಿಯಾಯಿತು. 2012ರಲ್ಲಿ ಬಂದ ನಮ್ಮ ದೇಶದ್ದೇ ಹೈಕ್ ಆ್ಯಪಿನಲ್ಲಿ ನಾವಿಬ್ಬರೇ ಸ್ಟಿಕ್ಕರ್ ಕಳಿಸಿಕೊಂಡೆವು, 2021ರಲ್ಲಿ ಅದು ಬಾಗಿಲು ಹಾಕಿತು. 2025ರಲ್ಲಿ ಎಲ್ಲರೂ ತಮಿಳು ಹೆಸರಿನ ಅರಟ್ಟೈ ಆ್ಯಪ್ ಅಂದರು. ಹೆಸರು ಬೇರೆ ನಮ್ಮ ಹರಟೆಯ ತಂಗಿ! ಹಾಕಿಕೊಂಡೆ. ಹರಟಲು ಒಬ್ಬ ವಿಮೆ ಏಜೆಂಟ್ ಸಿಕ್ಕಿದ. ವಾಟ್ಸಾಪ್ ಬಿಡುವುದೆಂದರೆ ಬೂತಾಯಿ ಬಂತೆಂದು ತಿಳಿಸುವ ಮೀನಿನಕ್ಕ, ಭೂತಕೋಲದ ಆಮಂತ್ರಣ, ಊರಲ್ಲಿ ಯಾರು ತೀರಿಕೊಂಡರೆಂಬ ಸುದ್ದಿ, ಎಲ್ಲ ಬಿಟ್ಟ ಹಾಗೆ.

ಸುದ್ದಿ ಅಂದಾಗ ಒಂದು ಹೇಳಲಿಕ್ಕುಂಟು. ನಿನ್ನ ಅಪ್ಪ ಹೋದದ್ದು ನನಗೆ ಶಾಲೆಯ ಗ್ರೂಪಿನಲ್ಲಿ ಗೊತ್ತಾಯಿತು. ಸಾಲಾಗಿ ಓಂ ಶಾಂತಿ. ನನ್ನದೇ ಮಾತು ಬರೆಯಲು ಹೊರಟೆ, ಬರಲಿಲ್ಲ. ಮೇಲಿನವನದ್ದನ್ನು ಕಾಪಿ ಮಾಡಿ ಹಾಕಿದೆ. ಅವನು ಅಪ್ಪನ ಹೆಸರು ತಪ್ಪು ಬರೆದಿದ್ದ. ನನ್ನದರಲ್ಲೂ ಅದೇ ತಪ್ಪು. ಆ ಹೆಸರು ನನಗೆ ಬರುವುದಿಲ್ಲವಾ? ನಿನ್ನ ಪ್ರೋಗ್ರೆಸ್ ಕಾರ್ಡಿಗೆ ಮೂರು ವರ್ಷ ಅವರ ಸಹಿ ಹಾಕಿದವ ನಾನು.

ನೀನು ಅಲ್ಲಿ ವಿಮಾನದ ಟಿಕೆಟಿಗೆ ಒದ್ದಾಡುತ್ತಿದ್ದೆ. ನಾನು ಉಡುಪಿಯಲ್ಲೇ ಇದ್ದೆ. ಕಟಪಾಡಿಯ ನಿಮ್ಮ ಮನೆಗೆ ಬಸ್ಸಿನಲ್ಲಿ ಎಷ್ಟು ಹೊತ್ತು, ನಿನಗೇ ಗೊತ್ತುಂಟು. ಹೋಗಲಿಲ್ಲ. ಮೆಸೇಜ್ ಹಾಕಿಯಾಯಿತಲ್ಲ, ಹೋಗಿ ಬಂದಷ್ಟೇ ಹಗುರ ಅನ್ನಿಸಿತ್ತು. ಬೊಜ್ಜದ (ಉತ್ತರಕ್ರಿಯೆಯ) ದಿನ ನಿನ್ನ ಅಮ್ಮ, "ಅವತ್ತು ಕಾಣಲೇ ಇಲ್ಲವಲ್ಲ ಮಗಾ" ಅಂದರು. ಊರಲ್ಲಿರಲಿಲ್ಲ ಅಂದೆ. "ಹೌದಾ, ಊಟ ಮಾಡಿ ಹೋಗು" ಅಂದರು. ಮಾಡಿದೆ. ಪಾಯಸ ಎರಡು ಸಲ ಹಾಕಿಸಿಕೊಂಡೆ.

ಇಷ್ಟು ಬರೆಯುವ ಅಂದಾಜಿರಲಿಲ್ಲ. ಆ್ಯಪಿನ ವಿಷಯ ಕೇಳಿದವನಿಗೆ ಇದೆಂತ ಪುರಾಣ.

2022ರ ಅಕ್ಟೋಬರಿನಲ್ಲಿ ಡೇಟಾ ಸೆಂಟರಿಗೆ ಬೆಂಕಿ ಬಿದ್ದು ನಿಮ್ಮ ಕಕಾವೊ ಮಲಗಿತ್ತಂತಲ್ಲ, ಟ್ಯಾಕ್ಸಿ ಬುಕಿಂಗು, ಪೇಮೆಂಟು ಸಮೇತ. ಇಲ್ಲಿ ಹಾಗೇನಾದರೂ ಆದರೆ ಸೀದಾ ಬಸ್ಸು ಹತ್ತಿ ಅಮ್ಮನನ್ನು ನೋಡಿ ಬರ್ತೇನೆ ಎಂದು ಬರೆದು, ಅಳಿಸಿದೆ. ಸುಳ್ಳು ಮಾರಾಯ. ಮೊದಲು ವೈಫೈ ಡಬ್ಬಿ ಆಫ್ ಮಾಡಿ ಆನ್ ಮಾಡ್ತೇನೆ.

ಕಕಾವೊಟಾಕ್ ಹಾಕಿಕೊಂಡಿದ್ದೇನೆ. ಲಿಸ್ಟಿನಲ್ಲಿ ನೀನೊಬ್ಬನೇ. ಅಲ್ಲಿ ಬಂದು ಗೋಳಿಬಜೆಯ ಎರಡೂವರೆ ಪ್ಲೇಟಿನ ಹಳೇ ಲೆಕ್ಕ ತೆಗೆದರೆ ಬ್ಲಾಕ್ ಮಾಡ್ತೇನೆ.

ನಿನ್ನ,
ಸಹಿ ಮಾಸ್ಟರ್