ಕಲೆಕ್ಷನ್ ಕಮ್ಮಿಯಾದರೆ ವಿಮಾನವೂ ನಿಲ್ಲುತ್ತದೆಯೇ?

ಮಾನ್ಯರೇ,

ಚಿಂತಾಮಣಿ–ಚಿಕ್ಕಬಳ್ಳಾಪುರ ಮಾರ್ಗದ ಖಾಸಗಿ ಬಸ್ಸಿನಲ್ಲಿ 26 ವರ್ಷ ಕಂಡಕ್ಟರ್ ಆಗಿದ್ದವನು ನಾನು. ಶಿಡ್ಲಘಟ್ಟದಲ್ಲಿ ಎಂಟೇ ಜನ ಹತ್ತಿದರೆ ಅವರನ್ನು ಹಿಂದಿನ ಬಸ್ಸಿಗೆ ದಾಟಿಸಿ ಟ್ರಿಪ್ ಕಟ್ ಮಾಡುತ್ತಿದ್ದೆವು. ‘ಇಂಜಿನ್ ಬಿಸಿಯಾಗಿದೆ’ ಎಂದು ಸುಳ್ಳು ಹೇಳಿದ್ದೂ ಉಂಟು, ಒಪ್ಪಿಕೊಳ್ಳುತ್ತೇನೆ.

ಕಳೆದ ತಿಂಗಳು ಮೊಮ್ಮಗನ ನಾಮಕರಣಕ್ಕೆ ಹುಬ್ಬಳ್ಳಿಗೆ ಬೆಳಗಿನ ವಿಮಾನದ ಟಿಕೆಟ್ ಮಾಡಿಸಿದ್ದೆ. ಹಿಂದಿನ ರಾತ್ರಿ ಒಂಬತ್ತಕ್ಕೆ ಮೊಬೈಲಿಗೆ ಸಂದೇಶ: ‘ಕಾರ್ಯಾಚರಣೆ ಕಾರಣಗಳಿಂದ ರದ್ದು’. ಸಂಜೆಯ ವಿಮಾನ ಕೊಟ್ಟರು. ನಾನು ಹೋಗುವಷ್ಟರಲ್ಲಿ ತೊಟ್ಟಿಲ ಶಾಸ್ತ್ರ ಮುಗಿದು ಊಟದ ಎಲೆಯೂ ಎತ್ತಿಯಾಗಿತ್ತು.

ಜನ ಕಮ್ಮಿ ಅಂತಲೇ ನಿಲ್ಲಿಸಿದ್ದಾರೆ ಎಂದು ನನ್ನ ಹಳೇ ಕಸುಬಿನ ಬುದ್ಧಿ ಹೇಳಿತು. ದೇವನಹಳ್ಳಿ ನಿಲ್ದಾಣದಲ್ಲಿ ಕೆಲಸ ಮಾಡುವ ನಮ್ಮ ಬೀದಿಯ ಹುಡುಗ ಅದು ಅಷ್ಟು ಸರಳವಲ್ಲ ಎಂದ. ಒಂದೇ ವಿಮಾನ ದಿನಕ್ಕೆ ಐದಾರು ಊರು ಸುತ್ತುತ್ತದಂತೆ. ಇಲ್ಲಿ ನಿಂತರೆ ಅಲ್ಲಿ ಕಾದಿರುವವರೂ ಕೆಡುತ್ತಾರೆ. ಬುಕಿಂಗ್ ತೆಳುವಾಗಿದ್ದರೆ ವಾರಗಳ ಮೊದಲೇ ಎರಡು ವಿಮಾನಗಳ ಪ್ರಯಾಣಿಕರನ್ನು ಒಂದಕ್ಕೇ ಸೇರಿಸಿಬಿಡುತ್ತಾರೆ. ಆದರೆ ಒಂದು ವಿಮಾನ ಕೆಟ್ಟು ಯಾವುದಾದರೂ ಟ್ರಿಪ್ ಕೈಬಿಡಲೇಬೇಕಾದಾಗ ಜನ ಕಮ್ಮಿ ಇರುವುದರ ಮೇಲೇ ಕತ್ತಿ ಬೀಳಬಹುದು.

ಹಾಗಿದ್ದರೆ ನಿಜ ಕಾರಣ ಬರೆಯಲಿ. 24 ಗಂಟೆಗಿಂತ ಕಡಿಮೆ ಅವಧಿಯಲ್ಲಿ ತಿಳಿಸಿ ರದ್ದು ಮಾಡಿದರೆ ಪ್ರಯಾಣಿಕ ಒಪ್ಪುವ ಬೇರೆ ವಿಮಾನ, ಇಲ್ಲವೇ ಟಿಕೆಟ್ ಹಣದ ಜೊತೆಗೆ ಪರಿಹಾರ ಕೊಡಬೇಕೆಂಬ ನಿಯಮವನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಮಾಡಿದೆ. ಹವಾಮಾನದಂಥ ಕೈಮೀರಿದ ಕಾರಣಗಳಿದ್ದರೆ ಪರಿಹಾರದಿಂದ ವಿನಾಯಿತಿ. ‘ಕಾರ್ಯಾಚರಣೆ’ ಎಂಬ ಒಂದೇ ಪದ ನೋಡಿ ಪರಿಹಾರ ಕೇಳಬಹುದೋ ಇಲ್ಲವೋ ಎಂದು ಪ್ರಯಾಣಿಕನಿಗೆ ಹೇಗೆ ಗೊತ್ತಾಗಬೇಕು?

– ನಿವೃತ್ತ ಕಂಡಕ್ಟರ್, ಚಿಕ್ಕಬಳ್ಳಾಪುರ